ಮರಳು ಕೆತ್ತುವ ಮುಂಚೆ ಕುಟ್ಟಬೇಕು

ಡಿಸೆಂಬರ್ ಕೊನೆಯ ವಾರ ಮೈಸೂರಿಗೆ ಬರುವ ಜನ ಅರಮನೆ ನೋಡುತ್ತಾರೆ, ಅದರ ಅಂಗಳದ ಹೂವಿನ ಪ್ರದರ್ಶನ ನೋಡುತ್ತಾರೆ, ಬೆಟ್ಟ ಹತ್ತಿ ಇಳಿಯುತ್ತಾರೆ. ಎಲ್ಲ ಕಡೆಯೂ ನೋಡುವ ಕೆಲಸವೇ. ಕೈಗೂ ಏನಾದರೂ ಕೆಲಸ ಇರಲಿ ಅಂತ ನಾವು ನಾಲ್ಕು ಜನ ಮಾಗಿಯ ಐದು ದಿನ ಒಂದು ಮೈದಾನದ ಮೂಲೆಯಲ್ಲಿ ಮರಳು ಶಿಲ್ಪದ ಕಮ್ಮಟ ಇಟ್ಟೆವು. ಬಂದವರೇ ಕುಟ್ಟಬೇಕು, ಬಂದವರೇ ಕೆತ್ತಬೇಕು, ಹೋಗುವಾಗ ಬಂದವರೇ ಕೆಡವಬೇಕು. ಅದರ ಅಳತೆ, ಲೆಕ್ಕ, ಎಡವಟ್ಟು ಎಲ್ಲ ಇಲ್ಲಿ ಬರೆದಿದ್ದೇವೆ. ಶಾಲೆಯವರೋ ಹಬ್ಬದ ಸಮಿತಿಯವರೋ ಮಾಡಲು ಹೊರಟರೆ ಉಪಯೋಗಕ್ಕೆ ಬಂದೀತು.

ಕ್ರಮವನ್ನು ಎರವಲು ಪಡೆದದ್ದು ಹಿಮ ಬೀಳುವ ಊರುಗಳಿಂದ. ಜಪಾನಿನ ಸಪ್ಪೊರೊದಲ್ಲಿ 1950ರಲ್ಲಿ ಹೈಸ್ಕೂಲು ಮಕ್ಕಳು ಓದೊರಿ ಪಾರ್ಕಿನಲ್ಲಿ ಆರು ಹಿಮದ ಮೂರ್ತಿ ಮಾಡಿದರು. ಇವತ್ತಿನ ದೊಡ್ಡ ಹಿಮೋತ್ಸವ ಶುರುವಾದದ್ದು ಹಾಗೆ. 1955ರಲ್ಲಿ ಅಲ್ಲಿನ ಆತ್ಮರಕ್ಷಣಾ ಪಡೆಯವರು, ಅಂದರೆ ಜಪಾನಿನ ಸೈನಿಕರು, ಕೈಜೋಡಿಸಿದ ಮೇಲೆ ಮೂರ್ತಿಗಳು ಕಟ್ಟಡದಷ್ಟು ಬೆಳೆದವು. ಹಲಗೆಯ ಚೌಕಟ್ಟಿನೊಳಗೆ ಹಿಮ ತುಂಬಿ, ತುಳಿದು, ರಾತ್ರಿ ಹಾಗೇ ಬಿಟ್ಟು, ಹಲಗೆ ಬಿಚ್ಚಿ ಮೇಲಿನಿಂದ ಕೆಳಕ್ಕೆ ಕೆತ್ತುವುದು ಹಿಮದವರ ಪದ್ಧತಿ. ಮರಳಿಗೂ ಅದೇ. ವ್ಯತ್ಯಾಸ ಇರುವುದು ಅಂಟಿನಲ್ಲಿ. ತುಳಿದಿಟ್ಟ ಹಿಮದ ಕಣಗಳು ರಾತ್ರಿ ಕಳೆಯುವುದರೊಳಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೂಗು ಮುರಿದರೆ ಹಿಮಕ್ಕೆ ನೀರು ಕಲಸಿ ಮೆತ್ತಿದರಾಯಿತು, ಸೊನ್ನೆಗಿಂತ ಕೆಳಗಿನ ಚಳಿ ಅದನ್ನು ಕಲ್ಲು ಮಾಡಿಬಿಡುತ್ತದೆ. ಮರಳಿನ ಕಣ ಬೆಸೆಯುವುದಿಲ್ಲ. ಕಣಕ್ಕೂ ಕಣಕ್ಕೂ ನಡುವೆ ಎಳೆದು ನಿಂತ ನೀರಿನ ತೆಳು ಪೊರೆಯೇ ಅದರ ಅಂಟು. ಇಲ್ಲಿ ಮೂಗು ಬಿದ್ದರೆ ಬಿತ್ತು. ಮುಖವನ್ನೇ ಅರ್ಧ ಇಂಚು ಹಿಂದಕ್ಕೆ ಕೆತ್ತಿ ಹೊಸ ಮೂಗು ತೆಗೆಯಬೇಕು.

ಹಾಗಾಗಿ ಎಲ್ಲಕ್ಕಿಂತ ಮೊದಲು ಯಾವ ಮರಳು ಅನ್ನುವುದು ತೀರ್ಮಾನವಾಗಬೇಕು. ಹೊಳೆ ಮರಳು ಅಂದರೆ ನಮ್ಮ ಕಡೆ ಒಂದು ಮರ್ಯಾದೆ, ಮನೆ ಕಟ್ಟುವವರು ಇವತ್ತಿಗೂ ಅದನ್ನೇ ಕೇಳುತ್ತಾರೆ. ಶಿಲ್ಪಕ್ಕೆ ಮಾತ್ರ ಅದು ಅಷ್ಟಕ್ಕಷ್ಟೆ. ನೀರಿನಲ್ಲಿ ಉರುಳಿಕೊಂಡು ಬಂದ ಕಣದ ಮೂಲೆ ಸವೆದಿರುತ್ತದೆ, ಎಷ್ಟು ಕುಟ್ಟಿದರೂ ಗೋಲಿಯ ಹಾಗೆ ಜಾರುತ್ತದೆ. ಕಲ್ಲು ಪುಡಿ ಮಾಡಿದ ಮರಳಿನ ಕಣಕ್ಕೆ ಮೂಲೆ ಮೊನಚು ಎಲ್ಲ ಹಾಗೇ ಉಳಿದಿರುತ್ತದೆ, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ಜೊತೆಗೆ ಅದರಲ್ಲಿ ಕಲ್ಲಿನ ಹಿಟ್ಟು ಸೇರಿರುತ್ತದೆ. ಕಾಂಕ್ರೀಟಿನ ಮರಳು, ಜಲ್ಲಿಗೆ ಇರುವ ಐಎಸ್ 383 ಅನ್ನುವ ಭಾರತೀಯ ಮಾನಕದ ಪ್ರಕಾರವೇ ಇಂಥ ಮರಳಿನಲ್ಲಿ 150 ಮೈಕ್ರಾನ್ ಜರಡಿಯಿಂದ ಕೆಳಗಿಳಿಯುವ ನುಣ್ಣನೆ ಭಾಗ ಶೇ. 20ರವರೆಗೆ ಇರಬಹುದು. ಕಾಂಕ್ರೀಟಿನವರು ಆ ಹಿಟ್ಟು ಕಂಡರೆ ಮುಖ ಸಿಂಡರಿಸುತ್ತಾರೆ. ನಮಗೆ ಬೇಕಾದದ್ದು ಅದೇ.

ಕಾಂಕ್ರೀಟಿಗೆ ಬಳಸುವ ಕಲ್ಲುಪುಡಿ ಮರಳು, ಅಂದರೆ ಎಂ-ಸ್ಯಾಂಡಿನಲ್ಲಿ 4.75 ಮಿ.ಮೀ. ತನಕದ ಚೂರು ಬರುತ್ತದೆ. ಕೆತ್ತುವಾಗ ಕರಣೆ ಅಂಥ ಒಂದು ಚೂರಿಗೆ ತಗುಲಿದರೆ ಸಾಕು, ಅದನ್ನು ಎಳೆದುಕೊಂಡೇ ಹೋಗಿ ನಯವಾದ ಕೆನ್ನೆಯ ಮೇಲೆ ಉದ್ದಕ್ಕೆ ಗೀರು ಹಾಕುತ್ತದೆ. ಅದಕ್ಕೇ ಗೋಡೆ ಗಾರೆಗೆ ಬಳಸುವ, ಅದಕ್ಕಿಂತ ನುಣ್ಣನೆಯ ಪಿ-ಸ್ಯಾಂಡ್ ತರಿಸಿದೆವು. ‘ತೊಳೆದಿದ್ದು ಬೇಕಾ ಸಾ?’ ಅಂತ ಕೇಳುತ್ತಾರೆ. ಜಾಸ್ತಿ ತೊಳೆದರೆ ಹಿಟ್ಟೆಲ್ಲ ನೀರಿನ ಜೊತೆ ಹೋಗುತ್ತದೆ, ಬೇಡ ಅನ್ನಿ. ಆದರೆ ತೊಳೆಯದ ಪಿ-ಸ್ಯಾಂಡ್ ಒಣಗಿದರೆ ಧೂಳು ಏಳುತ್ತದೆ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗುಡ್ಡೆಯನ್ನು ಯಾವಾಗಲೂ ಒದ್ದೆಯಾಗಿ ಇಡುವುದು ಶಿಲ್ಪಕ್ಕೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.

ಎಷ್ಟು ಬೇಕು? ಕುಟ್ಟಿ ಗಟ್ಟಿಯಾದ ಒದ್ದೆ ಮರಳು ಒಂದು ಘನ ಅಡಿಗೆ ಹತ್ತಿರ ಹತ್ತಿರ 50 ಕೆ.ಜಿ. ತೂಗುತ್ತದೆ. ಜನರಿಗೆ ಕೊಟ್ಟದ್ದು ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಚೌಕಟ್ಟು. ಅದರೊಳಗೆ ಹಿಡಿಯುವುದು ಮೂರು ಘನ ಅಡಿ ಮೇಲೆ ಸ್ವಲ್ಪ, ಅಂದರೆ 170 ಕೆ.ಜಿ. ಗಾರೆ ಕೆಲಸದ ಬಾಂಡ್ಲಿಯಲ್ಲಿ ಹನ್ನೊಂದು ಹನ್ನೆರಡು. ಇಷ್ಟು ಚಿಕ್ಕ ಡಬ್ಬಕ್ಕೆ ಅಷ್ಟು ಮರಳಾ ಅಂತ ಪ್ರತಿ ತಂಡವೂ ಬಾಯಿಬಿಟ್ಟಿತು. ಸಡಿಲ ಮರಳು ಕುಟ್ಟಿದ ಮೇಲೆ ಕಾಲು ಭಾಗದಷ್ಟು ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಥ ಹನ್ನೆರಡು ಚೌಕಟ್ಟು, ನಡುವೆ ಮಾದರಿಗೆ ಒಂದು ಆರು ಅಡಿ ಗೋಪುರ: ಒಟ್ಟು ಆರು ಟನ್, ಎರಡು ಟ್ರ್ಯಾಕ್ಟರ್ ಲೋಡು.

ಜಾಗ ಆರಿಸುವಾಗ ಹುಲ್ಲಿನ ಮೇಲೆ ಕಣ್ಣು ಹೋಗುತ್ತದೆ, ಹಸಿರು ಚೆನ್ನಾಗಿ ಕಾಣುತ್ತದಲ್ಲ. ಹುಲ್ಲುಹಾಸು ಸ್ಪ್ರಿಂಗಿನ ಹಾಗೆ. ಮೇಲೆ ಕುಟ್ಟಿದ ಏಟನ್ನು ಕೆಳಗಿನಿಂದ ವಾಪಸ್ ಎಸೆಯುತ್ತದೆ, ತಳದ ಪದರ ಬಿಗಿಯುವುದೇ ಇಲ್ಲ. ಗಟ್ಟಿ ಮಣ್ಣಿನ ನೆಲ, ಅದರ ಮೇಲೆ ಎರಡು ಇಂಚು ಮರಳಿನ ಹಾಸು, ಮಟ್ಟಗೋಲು ಇಟ್ಟು ಸರಿ ನೋಡಿಕೊಂಡರೆ ಆಯಿತು. ಸಿಮೆಂಟು ನೆಲವಾದರೆ ಕೆಳಗಿಳಿದ ನೀರು ಹೋಗಲು ದಾರಿಯಿಲ್ಲದೆ ಬುಡದಲ್ಲೇ ನಿಲ್ಲುತ್ತದೆ, ಬುಡ ಅಂಬಲಿಯಾಗುತ್ತದೆ.

ಚೌಕಟ್ಟನ್ನು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವರು ಬಳಸುವ 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿಸಿದೆವು. ನಾಲ್ಕು ಪಕ್ಕ, ತಳವೂ ಇಲ್ಲ, ಮುಚ್ಚಳವೂ ಇಲ್ಲ. ಹೊರಗಡೆ ಸುತ್ತ ಎರಡು ಸಾಲು ಮರದ ರೀಪರ್ ಪಟ್ಟಿ ಹೊಡೆಯಲೇಬೇಕು. ಒದ್ದೆ ಮರಳು ಕುಟ್ಟುತ್ತಾ ಹೋದ ಹಾಗೆ ಹಲಗೆಯನ್ನು ಹೊರಕ್ಕೆ ನೂಕುತ್ತದೆ, ಪಟ್ಟಿ ಇಲ್ಲದಿದ್ದರೆ ಹಲಗೆ ಉಂಡವನ ಹೊಟ್ಟೆಯ ಹಾಗೆ ಉಬ್ಬುತ್ತದೆ. ಮೂಲೆಗೆ ಮೊಳೆ ಬೇಡ, ಬೋಲ್ಟು ನಟ್ಟು ಇರಲಿ. ಮೊಳೆ ಹೊಡೆದರೆ ಬಿಚ್ಚುವಾಗ ಸುತ್ತಿಗೆ ಏಟು ಬೀಳುತ್ತದೆ, ಒಂದು ಗಂಟೆ ಕುಟ್ಟಿದ್ದು ಆ ಅದುರಿಗೇ ಬಿರಿಯುತ್ತದೆ. ಒಳಗಡೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿದರೆ ಮರಳು ಹಲಗೆಗೆ ಅಂಟುವುದಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಇಷ್ಟೆಲ್ಲ ಬೇಕಿಲ್ಲ. 20 ಲೀಟರಿನ ಪೇಂಟ್ ಬಕೆಟ್ಟಿನ ತಳ ಕೊಯ್ದು, ಬೋರಲು ಇಡುವುದು. ಅಗಲ ಬಾಯಿ ನೆಲಕ್ಕೆ, ಕಿರಿದಾದ ತಳದ ಕಡೆಯಿಂದ ತುಂಬುವುದು. ಆಗ ಬಕೆಟ್ಟು ಮೇಲಕ್ಕೆ ಸಲೀಸಾಗಿ ಎದ್ದು ಬರುತ್ತದೆ. ನೆಟ್ಟಗೆ ಇಟ್ಟು ತುಂಬಿದರೆ ಎತ್ತುವಾಗ ಬುಡದ ಕಿರಿದಾದ ಅಂಚು ಮರಳನ್ನೇ ಕೊಯ್ದುಕೊಂಡು ಬರುತ್ತದೆ. ಇಂಥ ಒಂದು ಬಕೆಟ್ಟಿಗೆ 35 ಕೆ.ಜಿ. ಮರಳು ಸಾಕು.

ನೀರಿನ ಹದ ಇಡೀ ಕೆಲಸದ ಜೀವ. 100 ಕೆ.ಜಿ. ಮರಳಿಗೆ ಒಟ್ಟು 7ರಿಂದ 8 ಲೀಟರ್ ಅನ್ನುವುದು ಅಂದಾಜು, ಒಂದು ಚೌಕಟ್ಟಿಗೆ ಒಂದು ಬಿಂದಿಗೆ. ಆದರೆ ಮರಳು ಬರುವಾಗಲೇ ಒಂದಷ್ಟು ನೀರು ಕುಡಿದು ಬಂದಿರುತ್ತದೆ, ಅದಕ್ಕೇ ಲೀಟರ್ ಲೆಕ್ಕಕ್ಕಿಂತ ಕೈಯ ಲೆಕ್ಕ ನಂಬಬೇಕು. ಮುಷ್ಟಿ ತುಂಬ ತೆಗೆದುಕೊಂಡು ಅಮುಕಿ. ತಂಬಿಟ್ಟಿನ ಉಂಡೆಯ ಹಾಗೆ ನಿಲ್ಲಬೇಕು, ಬೆರಳಿನ ಗುರುತು ಮೂಡಬೇಕು, ಎರಡು ಹೋಳು ಮಾಡಿದರೆ ಉದುರದೆ ಮುರಿಯಬೇಕು. ಅಮುಕಿದಾಗ ಬೆರಳ ಸಂದಿಯಲ್ಲಿ ನೀರು ಇಳಿದರೆ ಜಾಸ್ತಿಯಾಯಿತು. ಕಣಗಳ ನಡುವೆ ನೀರಿನ ಜೊತೆ ಗಾಳಿಯೂ ಇದ್ದರೆ ಮಾತ್ರ ನೀರು ಎಳೆದು ಹಿಡಿಯುತ್ತದೆ. ಸಂದಿಯೆಲ್ಲ ನೀರೇ ತುಂಬಿದರೆ ಎಳೆತ ಸತ್ತು ಮರಳು ಹರಿಯುತ್ತದೆ. ಕಡಿಮೆಯಾದರೆ ಕೆತ್ತುವಾಗ ಉದುರುತ್ತದೆ, ಜಾಸ್ತಿಯಾದರೆ ಕೆತ್ತುವ ಮುಂಚೆಯೇ ಕೂರುತ್ತದೆ. ಎರಡರಲ್ಲಿ ಕಡಿಮೆಯೇ ವಾಸಿ, ಮೇಲಿನಿಂದ ಚಿಮುಕಿಸಿ ಸುಧಾರಿಸಬಹುದು.

ಹಿಂದಿನ ಸಂಜೆಯೇ ನೀರು ಕಲಸಿ ಟಾರ್ಪಾಲು ಮುಚ್ಚಿಟ್ಟರೆ ಬೆಳಗ್ಗೆ ಹೊತ್ತಿಗೆ ಇಡೀ ಗುಡ್ಡೆಗೆ ಒಂದೇ ಹದ ಬಂದಿರುತ್ತದೆ. ಮೊದಲ ದಿನ ಇದನ್ನು ಬಿಟ್ಟು ಬೆಳಗ್ಗೆಯೇ ಕಲಸಿದ್ದಕ್ಕೆ ಒಂದೇ ಚೌಕಟ್ಟಿನಲ್ಲಿ ಒಂದು ಕಡೆ ಕೆಸರು, ಇನ್ನೊಂದು ಕಡೆ ಪುಡಿ. ಬೆಲ್ಲದ ನೀರು ಹಾಕಿದರೆ ಗಟ್ಟಿ ಬರುತ್ತದೆ ಅಂತ ಮಂಡ್ಯದ ಕಡೆಯವರು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಹಳೆಯ ಕಾಲದ ಸುಣ್ಣದ ಗಾರೆಗೆ ಬೆಲ್ಲ ಹಾಕುತ್ತಿದ್ದದ್ದು ನಿಜ. ಇಲ್ಲಿ ಹಾಕಿದರೆ ಶಿಲ್ಪ ನೋಡಲು ಜನಕ್ಕಿಂತ ಮೊದಲು ಇರುವೆ ಬರುತ್ತವೆ.

ಇನ್ನು ಕುಟ್ಟುವುದು. ಆರು ಇಂಚು ಸಡಿಲ ಮರಳು ಹಾಕಿ, ಅದು ನಾಲ್ಕೂವರೆ ಇಂಚಿಗೆ ಇಳಿಯುವ ತನಕ ಕುಟ್ಟಬೇಕು. ನೆಲ ಗಟ್ಟಿ ಮಾಡುವ ಕಬ್ಬಿಣದ ದಮ್ಮಸು ದೊಡ್ಡವರಿಗೆ, ಹಿಡಿ ಹಾಕಿದ ನಾಲ್ಕು ಇಂಚು ಚೌಕದ ಮರದ ತುಂಡು ಮಕ್ಕಳಿಗೆ. ಮೊದಲು ನಾಲ್ಕು ಮೂಲೆ, ಆಮೇಲೆ ಅಂಚು, ಕೊನೆಗೆ ನಡು. ಜನ ಮಾಡುವುದು ಉಲ್ಟಾ: ನಡುವೆ ನಿಂತು ಧಬಧಬ ಕುಟ್ಟುತ್ತಾರೆ, ಮೂಲೆ ಬಿಗಿಯದೆ ಹಸಿಯಾಗಿ ಉಳಿಯುತ್ತದೆ, ಹಲಗೆ ತೆಗೆದ ತಕ್ಷಣ ಮೂಲೆಗಳು ಕಳಚಿ ಬೀಳುತ್ತವೆ. ಕಿವಿ ಕೊಟ್ಟರೆ ಗೊತ್ತಾಗುತ್ತದೆ. ಶುರುವಿನಲ್ಲಿ ಏಟು ಹಿಟ್ಟಿನ ಚೀಲಕ್ಕೆ ಹೊಡೆದ ಹಾಗೆ ಮಂದವಾಗಿ ಕೇಳುತ್ತದೆ, ಬಿಗಿಯುತ್ತಾ ಬಂದ ಹಾಗೆ ಸದ್ದು ಗಡುಸಾಗುತ್ತದೆ, ಕೊನೆಗೆ ದಮ್ಮಸು ಕೈಯಲ್ಲಿ ಪುಟಿಯುತ್ತದೆ. ಅಲ್ಲಿಗೆ ಆ ಪದರ ಆಯಿತು.

ಮುಂದಿನ ಪದರ ಸುರಿಯುವ ಮುಂಚೆ ಒಂದು ಚಿಕ್ಕ ಕೆಲಸ ಇದೆ, ಇದನ್ನು ಬಿಟ್ಟವರ ಶಿಲ್ಪ ಖಂಡಿತ ಕೈಕೊಡುತ್ತದೆ. ಕುಟ್ಟಿದ ಮೇಲ್ಮೈ ಸಿಮೆಂಟು ನೆಲದ ಹಾಗೆ ನಯವಾಗಿರುತ್ತದೆ. ಅದರ ಮೇಲೆ ಹಾಗೇ ಮರಳು ಹಾಕಿದರೆ ಎರಡು ಪದರ ಬೆಸೆಯದೆ, ಒಂದರ ಮೇಲೊಂದು ಇಟ್ಟ ತಟ್ಟೆಯ ಹಾಗೆ ಕೂತಿರುತ್ತವೆ. ಫೋರ್ಕ್‌ನಲ್ಲೋ ಕೈಗೊಡ್ಡಲಿಯಲ್ಲೋ ಅರ್ಧ ಇಂಚು ಆಳಕ್ಕೆ ಅಡ್ಡಡ್ಡ ಗೀರಿ, ಒಂದು ಕೈ ನೀರು ಚಿಮುಕಿಸಿ, ಆಮೇಲೆ ಸುರಿಯಬೇಕು. ಎರಡನೆಯ ದಿನ ಒಂದು ಕುಟುಂಬದ ಅರಮನೆ ಗುಂಬಜ್ ಸರಿಯಾಗಿ ಪದರದ ಗೆರೆಯಲ್ಲೇ ಜಾರಿ, ಟೋಪಿ ತೆಗೆದ ಹಾಗೆ ಪಕ್ಕಕ್ಕೆ ಇಳಿಯಿತು. ಕೆಳಗಿನ ಭಾಗಕ್ಕೆ ಒಂದು ಗೆರೆಯಷ್ಟೂ ಏಟಾಗಿರಲಿಲ್ಲ.

ಅದೇ ದಿನ ಮೊಮ್ಮಗನ ಜೊತೆ ಬಂದಿದ್ದ ಹಿರಿಯರೊಬ್ಬರು ಒಂದು ತಂಡದ ಚೌಕಟ್ಟಿನ ಹತ್ತಿರ ಬಗ್ಗಿ, ಮೂಲೆಯ ಮರಳಿಗೆ ಹೆಬ್ಬೆರಳು ಒತ್ತಿದರು. ಉಗುರು ಪೂರ್ತಿ ಮುಳುಗಿತು. ‘ಇನ್ನೂ ಹತ್ತು ಏಟ್ ಹಾಕ್ರಪ್ಪ, ಹಸಿ ಐತೆ’ ಅಂದರು. ಹುಡುಗರು ಕುಟ್ಟಿದರು. ಮತ್ತೆ ಒತ್ತಿದರು, ಉಗುರಿನ ತುದಿ ಮಾತ್ರ ಇಳಿಯಿತು. ‘ಹಾಂ, ಈಗ ಬುಡಿ.’ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿಯಂತೆ. ಆಮೇಲೆ ಎಲ್ಲ ಚೌಕಟ್ಟಿಗೂ ಹೆಬ್ಬೆರಳ ಪರೀಕ್ಷೆಯೇ ಕಾನೂನಾಯಿತು: ಉಗುರು ಮುಳುಗಿದರೆ ಕುಟ್ಟು, ಮುಳುಗದಿದ್ದರೆ ಬಿಡು.

ಕುಟ್ಟಿದ ಸಿದ್ಧ ಗಡ್ಡೆಯನ್ನೇ ಜನರಿಗೆ ಕೊಟ್ಟರೆ ಸಮಯ ಉಳಿಯುತ್ತದಲ್ಲ ಅನ್ನಿಸುವುದು ಸಹಜ. ಒಂದು ಸರದಿಗೆ ಹಾಗೂ ಮಾಡಿ ನೋಡಿದೆವು. ಸಿದ್ಧ ಗಡ್ಡೆ ಸಿಕ್ಕವರು ಅದರ ಮೇಲೆ ಮೊಣಕೈ ಊರಿದರು, ಮಗುವನ್ನು ಕೂರಿಸಿ ಫೋಟೊ ತೆಗೆದರು, ಕರಣೆಯನ್ನು ಕೇಕ್ ಕತ್ತರಿಸಿದ ಹಾಗೆ ನೆಟ್ಟಗೆ ಚುಚ್ಚಿದರು. ತಾವೇ ಅರ್ಧ ಗಂಟೆ ಬೆವರು ಸುರಿಸಿ ಕುಟ್ಟಿದವರು ಹಾಗೆ ಮಾಡುವುದಿಲ್ಲ. ಮರಳು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅನ್ನುವುದು ಅಷ್ಟರಲ್ಲಿ ಅವರ ಕೈಗೇ ಗೊತ್ತಾಗಿರುತ್ತದೆ. ಮರುದಿನದಿಂದ ಸಿದ್ಧ ಗಡ್ಡೆ ನಿಲ್ಲಿಸಿದೆವು.

ತುಂಬಿದ ಮೇಲೆ ಕಾಲು ಗಂಟೆ ಸುಮ್ಮನೆ ಬಿಡಬೇಕು, ಹೆಚ್ಚಿನ ನೀರು ತಳಕ್ಕೆ ಇಳಿಯಲಿ. ಆ ಹೊತ್ತಿನಲ್ಲಿ ಕಾಗದದ ಮೇಲೆ ಎದುರಿನ ನೋಟ ಒಂದು, ಪಕ್ಕದ ನೋಟ ಒಂದು ಬರೆಯಿಸಿದೆವು. ಹಲಗೆ ಬಿಚ್ಚುವಾಗ ಅದನ್ನು ನಿಮ್ಮ ಕಡೆ ಎಳೆಯಬೇಡಿ. ಒದ್ದೆ ಮರಳು ಹಲಗೆಯನ್ನು ಹೀರಿ ಹಿಡಿದಿರುತ್ತದೆ, ಎಳೆದರೆ ಹೋಳು ಸಮೇತ ಬರುತ್ತದೆ. ಗಡ್ಡೆಗೆ ಒತ್ತಿಕೊಂಡೇ ಒಂದು ಪಕ್ಕಕ್ಕೆ ಜಾರಿಸಿ ತೆಗೆಯಬೇಕು.

ನಡುವಿನ ಗೋಪುರಕ್ಕೆ ಮೂರು ಚೌಕಟ್ಟು, ಒಂದರ ಮೇಲೊಂದು: ಕೆಳಗೆ ನಾಲ್ಕು ಅಡಿ ಅಗಲ, ಮಧ್ಯೆ ಮೂರು, ಮೇಲೆ ಎರಡು, ಪ್ರತಿಯೊಂದೂ ಎರಡು ಅಡಿ ಎತ್ತರ. ಮೂರು ಟನ್ ಹತ್ತಿರ ಮರಳು ಹಿಡಿಯಿತು. ಒಂದು ರಾತ್ರಿ ಬಿಟ್ಟು ಮೇಲಿನದನ್ನು ಮಾತ್ರ ಬಿಚ್ಚಿ ಕೆತ್ತಿ ಮುಗಿಸಿ, ಆಮೇಲೆ ಮಧ್ಯದ್ದು, ಕೊನೆಗೆ ಕೆಳಗಿನದು. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಮೇಲೆ ಕೆತ್ತಿದ ಮರಳೆಲ್ಲ ಕೆಳಗಿನ ಬರಿಮೈ ಮೇಲೆ ಬೀಳುತ್ತದೆ, ಜೊತೆಗೆ ಕಾಲಿಡಲೂ ಜಾಗ ಇರುವುದಿಲ್ಲ.

ಕೆತ್ತಲು ಅಂಗಡಿಯ ಸಲಕರಣೆ ಏನೂ ಬೇಕಾಗಲಿಲ್ಲ. ಚಿಕ್ಕ ಕರಣೆ, ಪೇಂಟರ್‌ಗಳು ಪುಟ್ಟಿ ಎಳೆಯುವ ಪಟ್ಟಿ, ದೋಸೆ ಮಗುಚುವ ಕೈ, ಸ್ಟೀಲ್ ಚಮಚ, ಒಂದು ಇಂಚಿನ ಬ್ರಷ್, ಎಳನೀರಿನ ಸ್ಟ್ರಾ. ಮರಳನ್ನು ಚುಚ್ಚಬಾರದು, ಒಳಕ್ಕೆ ಒತ್ತಬಾರದು. ಬೆಣ್ಣೆ ಸವರಿದ ಹಾಗೆ ತೆಳ್ಳಗೆ, ಮೇಲಿನಿಂದ ಕೆಳಕ್ಕೆ ಹೆರೆಯಬೇಕು, ಒಂದು ಸಲಕ್ಕೆ ಬೆರಳಿನ ಅರ್ಧ ದಪ್ಪಕ್ಕಿಂತ ಹೆಚ್ಚು ಬೇಡ. ಕಲ್ಲಿನ ಕೆಲಸ ಗೊತ್ತಿದ್ದ ಇಬ್ಬರು ಬಂದಿದ್ದರು. ಉಳಿಯ ಏಟಿಗೆ ಒಗ್ಗಿದ ಕೈ ಅವರದ್ದು, ಮೊದಲ ಹತ್ತು ನಿಮಿಷ ಅವರೇ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟರು. ಆಮೇಲೆ ಅವರಿಗೆ ಸಾಟಿಯಾಗುವವರೇ ಇರಲಿಲ್ಲ ಬಿಡಿ.

ಏನು ಕೆತ್ತುವುದು? ಹತ್ತರಲ್ಲಿ ಏಳು ಜನಕ್ಕೆ ಅಂಬಾರಿ ಆನೆಯೇ ಆಗಬೇಕು. ಮೈಸೂರಲ್ಲವೆ. ಆದರೆ ಒಂದೂವರೆ ಅಡಿಯ ಮರಳಿನಲ್ಲಿ ಇಳಿಬಿಟ್ಟ ಸೊಂಡಿಲು ನಿಲ್ಲುವುದಿಲ್ಲ, ನಾಲ್ಕು ಕಾಲಿನ ನಡುವೆ ಕೊರೆದು ಬಯಲು ಮಾಡಿದರೆ ಮೈ ಕೂರುತ್ತದೆ, ಅಂಬಾರಿಯ ಕಂಬಗಳಂತೂ ಬ್ರಷ್ ತಗುಲಿದರೆ ಸಾಕು. ಹಠ ಮಾಡಿದವರಿಗೆ ಹೇಳಿದ್ದು: ಸೊಂಡಿಲನ್ನು ಮುಂಗಾಲಿಗೆ ಅಂಟಿಸಿಯೇ ಬಿಡಿ, ಕಾಲುಗಳ ನಡುವೆ ಎರಡು ಇಂಚು ಆಳಕ್ಕೆ ತೋಡಿ, ನೆರಳೇ ಬಯಲಿನ ಹಾಗೆ ಕಾಣುತ್ತದೆ, ಅಂಬಾರಿಯ ಕಂಬ ಉಬ್ಬುಗೆತ್ತನೆ ಸಾಕು. ಕೇಳಿದವರ ಆನೆ ಸಂಜೆ ತನಕ ನಿಂತಿತ್ತು.

ನಿಜವಾಗಿ ಮರಳಿಗೆ ಹೇಳಿ ಮಾಡಿಸಿದ ಆಕಾರ ಚಾಮುಂಡಿ ಬೆಟ್ಟದ ನಂದಿ. ಹದಿನೇಳನೆಯ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕಡೆದವರಿಗೂ ಹೆಚ್ಚುಕಡಿಮೆ ಇದೇ ಕಷ್ಟ ಇದ್ದಿರಬೇಕು: ಕೆಳಗೆ ಅಗಲ, ಮೇಲೆ ಕಿರಿದು, ಕಾಲು ಮಡಿಸಿ ಮೈಗೆ ಸೇರಿದೆ, ಎಲ್ಲೂ ಏನೂ ಹೊರಕ್ಕೆ ಜೋತು ಬಿದ್ದಿಲ್ಲ. ಮೊದಲು ಗಡ್ಡೆಯ ನಾಲ್ಕು ಮೇಲ್ಮೂಲೆ ಓರೆಯಾಗಿ ಸವರಿ, ಬೆನ್ನು ಡುಬ್ಬದ ಗೆರೆ ಹಿಡಿದು, ಆಮೇಲೆ ತಲೆ. ಕುತ್ತಿಗೆಯ ಹಿಂದೆ ಆಳವಾಗಿ ತೋಡುವ ಆಸೆ ಎಲ್ಲರಿಗೂ, ಅಲ್ಲೇ ತಲೆ ಕಳಚುವುದು. ಕಿವಿ, ಕೊಂಬು ಮೈಯಿಂದ ಒಂದು ಬೆರಳಿಗಿಂತ ಹೆಚ್ಚು ಚಾಚಬಾರದು. ಮಂಡ್ಯದಿಂದ ಬಂದಿದ್ದ ಒಂದು ಹುಡುಗಿ ನಂದಿಯ ಕೊರಳಿಗೆ ಗೆಜ್ಜೆ ಹೇಗೆ ಮಾಡಲಿ ಅಂತ ಚಮಚದಲ್ಲಿ ಗೀರಿ ಗೀರಿ ಸಾಕಾಗಿ ಕೂತಿದ್ದಳು. ಸ್ಟ್ರಾದ ತುದಿ ಮರಳಿಗೆ ಮುಟ್ಟಿಸಿ, ಅರ್ಧ ಸುತ್ತು ತಿರುಗಿಸಿ ತೆಗೆದು ತೋರಿಸಿದೆವು: ಅಚ್ಚುಕಟ್ಟಾದ ಒಂದು ಬಳೆ, ನಡುವೆ ಗುಂಡನೆಯ ಗುಬುಟು. ಮುಂದಿನ ಹತ್ತು ನಿಮಿಷದಲ್ಲಿ ಮೂರು ಸಾಲು ಗೆಜ್ಜೆ ಕಟ್ಟಿದಳು. ‘ಅಣ್ಣ, ಇದು ಉದುರಲ್ಲ ತಾನೆ?’ ಉದುರಲಿಲ್ಲ.

ಅದೇ ಸ್ಟ್ರಾದಲ್ಲಿ ಊದಿ ಕಣ್ಣು, ಮೂಗಿನ ಹೊಳ್ಳೆಯ ಪುಡಿ ತೆಗೆಯುತ್ತಾರೆ. ಊದುವವರು ಕನ್ನಡಕ ಹಾಕಿರಬೇಕು. ತೀರ ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ, ಊದುವ ಬದಲು ಹೀರುತ್ತವೆ.

ಮಾಗಿಯಾದರೂ ನಮ್ಮ ಮಧ್ಯಾಹ್ನದ ಬಿಸಿಲು ಬಿಸಿಲೇ, ಗಾಳಿಯೂ ಒಣ. ಹನ್ನೆರಡರ ಮೇಲೆ ಪಡುವಲ ಮೈ ಬಿಳಿಚಿಕೊಳ್ಳುತ್ತದೆ. ಬಿಳಿಚಿತು ಅಂದರೆ ನೀರು ಹೋಯಿತು, ಇನ್ನು ಉದುರುವುದೇ ಬಾಕಿ. ಇಪ್ಪತ್ತು ನಿಮಿಷಕ್ಕೊಮ್ಮೆ ಮಂಜಿನ ಹಾಗೆ ನೀರು ಹೊಡೆಯಬೇಕು. ದಪ್ಪ ಹನಿ ಬಿದ್ದರೆ ಸಿಡುಬಿನ ಕಲೆಯ ಹಾಗೆ ಗುಳಿ ಬೀಳುತ್ತದೆ. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಸ್ಪ್ರೇಯರ್ ಇದಕ್ಕೆ ಸರಿ, ಆದರೆ ಹೊಸದೇ ಆಗಬೇಕು. ಹೊಲಕ್ಕೆ ಔಷಧಿ ಹೊಡೆದದ್ದನ್ನು ಎಷ್ಟೇ ತೊಳೆದರೂ ಮಕ್ಕಳು ಕೈಯಾಡಿಸುವ ಮರಳಿಗೆ ತರಬಾರದು. ಸರದಿಗಳನ್ನು ಬೆಳಗ್ಗೆ ಒಂಬತ್ತೂವರೆ, ಮಧ್ಯಾಹ್ನ ಮೂರೂವರೆ, ಸಂಜೆ ಐದೂವರೆಗೆ ಇಟ್ಟುಕೊಂಡದ್ದೂ ಬಿಸಿಲಿಗೆ ಹೆದರಿಯೇ. ಒಂದೊಂದು ಸರದಿ ಒಂದೂವರೆ ಗಂಟೆ, ಚೌಕಟ್ಟಿಗೆ ನಾಲ್ಕು ಜನ.

ಐದು ದಿನ ನಿಲ್ಲಬೇಕಿದ್ದ ಗೋಪುರಕ್ಕೆ ಮಾತ್ರ ಹತ್ತು ಪಾಲು ನೀರಿಗೆ ಒಂದು ಪಾಲು ಫೆವಿಕಾಲ್ ಕಲಸಿ ತೆಳ್ಳಗೆ ಹೊಡೆದೆವು. ಮೇಲೆ ಸಿಪ್ಪೆಯಷ್ಟು ದಪ್ಪ ಗಟ್ಟಿಯಾಗುತ್ತದೆ, ಅಷ್ಟೆ. ಒಳಗಿನ ಮರಳು ಹಾಗೇ ಇರುತ್ತದೆ. ಜನರ ಶಿಲ್ಪಕ್ಕೆ ಹೊಡೆಯಲಿಲ್ಲ, ಆ ಮರಳು ಮುಂದಿನ ಸರದಿಗೆ ಬೇಕಲ್ಲ.

ರಾತ್ರಿಯ ಶತ್ರು ಮಳೆಯೂ ಅಲ್ಲ, ಕಳ್ಳರೂ ಅಲ್ಲ, ಬೀದಿನಾಯಿ. ಮಾಗಿಯ ಚಳಿಯಲ್ಲಿ ಮರಳಿನ ಗುಡ್ಡೆ ಕಂಡರೆ ಗುಂಡಿ ತೋಡಿ ಮಲಗದ ನಾಯಿ ಇಲ್ಲ. ಮೊದಲ ರಾತ್ರಿ ಗೋಪುರದ ಬುಡದಲ್ಲೇ ಒಂದು ಮನೆ ಮಾಡಿಕೊಂಡಿತ್ತು. ಆಮೇಲೆ ನಾಲ್ಕು ಕಂಬ ನೆಟ್ಟು, ಶಿಲ್ಪಕ್ಕೆ ತಗುಲದ ಹಾಗೆ ಟಾರ್ಪಾಲು ಕಟ್ಟಿ, ಸುತ್ತ ಹಲಗೆ ಒರಗಿಸಿದೆವು. ದೂರದಲ್ಲಿ ಬೇರೆ ಒಂದು ಸಡಿಲ ಗುಡ್ಡೆಯನ್ನು ಅವುಗಳ ಪಾಲಿಗೇ ಬಿಟ್ಟದ್ದು ಹಲಗೆಗಿಂತ ಹೆಚ್ಚು ಕೆಲಸ ಮಾಡಿತು. ಆ ಮರಳನ್ನು ಮತ್ತೆ ಕೆತ್ತಲು ಬಳಸಲಿಲ್ಲ.

ಸರದಿ ಮುಗಿದ ಮೇಲೆ ಕೆಡವಿಸುವುದು ಎಲ್ಲಕ್ಕಿಂತ ಕಷ್ಟದ ಹಂತ. ಕುಟ್ಟಿ ಅಂದರೆ ಕುಟ್ಟುತ್ತಾರೆ, ಕೆಡವಿ ಅಂದರೆ ಮುಖ ನೋಡುತ್ತಾರೆ. ಫೋಟೊಗೆ ಹತ್ತು ನಿಮಿಷ ಬೇರೆಯೇ ಇಡಬೇಕು. ಕೆಡವಿದ ಮರಳಿನ ಹೆಂಟೆ ಒಡೆದು, 3 ಮಿ.ಮೀ. ಜರಡಿಯಲ್ಲಿ ಒಮ್ಮೆ ಹಾಯಿಸಿದರೆ ಸೇರಿಕೊಂಡ ಎಲೆ, ಸ್ಟ್ರಾ ಚೂರು, ಚಾಕೊಲೇಟ್ ಕಾಗದ ಎಲ್ಲ ಬರುತ್ತದೆ. ಅದರಲ್ಲಿ ನೀರು ಇನ್ನೂ ಉಳಿದಿರುವುದರಿಂದ ಎರಡನೆಯ ಸರದಿಗೆ ಅರ್ಧ ಬಿಂದಿಗೆ ಸಾಕು. ಇದನ್ನು ಮರೆತು ಮತ್ತೆ ಪೂರ್ತಿ ಬಿಂದಿಗೆ ಸುರಿದ ಸಂಜೆ ನಾಲ್ಕು ಗಡ್ಡೆಗಳು ಹಲಗೆ ತೆಗೆಯುತ್ತಿದ್ದ ಹಾಗೆ ಬಿಸಿ ಮುದ್ದೆಯ ಹಾಗೆ ಹರಡಿ ಕೂತವು. ಒಣ ಮರಳು ಬೆರೆಸಿ ಹದ ಮಾಡಲು ಅರ್ಧ ಗಂಟೆ ಹೋಯಿತು, ಆ ತಂಡಗಳಿಗೆ ಕೆತ್ತಲು ಸಿಕ್ಕಿದ್ದು ಇಪ್ಪತ್ತೇ ನಿಮಿಷ.

ಐದನೆಯ ದಿನ ಸಂಜೆ ಗೋಪುರವನ್ನು ಮಕ್ಕಳಿಂದಲೇ ಕೆಡವಿಸಿದೆವು. ಫೆವಿಕಾಲ್ ಹಿಡಿದಿದ್ದ ಸಿಪ್ಪೆಯನ್ನು ಮೊದಲೇ ಪಟ್ಟಿಯಲ್ಲಿ ಹೆರೆದು ಬೇರೆ ಹಾಕಿದ್ದೆವು. ಎಲ್ಲ ಸೇರಿ ಎರಡು ಬಾಂಡ್ಲಿ ಆಯಿತು. ಉಪ್ಪಿಲ್ಲ, ಅಂಟಿಲ್ಲ, ಮಿಕ್ಕ ಮರಳು ಗಾರೆಗೆ ಏನೂ ತೊಂದರೆಯಿಲ್ಲ. ಹತ್ತಿರದಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಮರುದಿನ ಬೆಳಗ್ಗೆ ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋದರು.